ಮುಂಗುಸಿವೀರನ ಮೇಲೆ ಹಾಕಿದ ದುಡ್ಡು

ಬಾಡಿಗೆ ಪುಸ್ತಕದ ಅಂಗಡಿ ನಡೆಸುವವನಿಗೆ ನಗೆಯ ಪ್ರಸಂಗಗಳಿಗೆ ಯಾವತ್ತೂ ಕೊರತೆಯಿಲ್ಲ. ಕೊರತೆ ಇರುವುದು ಗಿರಾಕಿಗಳಿಗೆ. ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ತಂದೆ ಇಟ್ಟ ಲೈಬ್ರರಿ ನಮ್ಮದು. ಎಡಕ್ಕೆ ಬೇಕರಿ, ಬಲಕ್ಕೆ ಟೈಲರ್, ನಡುವೆ ಹತ್ತಡಿ ಅಗಲದಲ್ಲಿ ನಾನು. ಕಾದಂಬರಿ, ವಾರಪತ್ರಿಕೆ, ಮಕ್ಕಳ ಕಾಮಿಕ್ಸು, ಎಲ್ಲಕ್ಕೂ ದಿನದ ಲೆಕ್ಕದಲ್ಲಿ ಬಾಡಿಗೆ. ತಂದೆಯ ಕಾಲದಲ್ಲಿ ಸಾಯಂಕಾಲ ಸಾಲು ನಿಲ್ಲುತ್ತಿತ್ತಂತೆ. ನಾನು ಗಲ್ಲಾದ ಮೇಲೆ ಕೂರುವ ಹೊತ್ತಿಗೆ ಜನ ಪುಟ ತಿರುವುವುದು ಬಿಟ್ಟು ಮೊಬೈಲ್ ಉಜ್ಜುವುದನ್ನು ಕಲಿತಿದ್ದರು. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಬೇಕರಿಯಲ್ಲಿ ಚಿಲ್ಲರೆ ಸಿಗದೆ ಬಂದವರು.

ಅಂಥ ಕಾಲದಲ್ಲಿ ನಮ್ಮ ಅಂಗಡಿಗೆ ಒಂದು ಜ್ವರ ಬಂತು. ಐದಾರು ವರ್ಷ ಬಿಡಲಿಲ್ಲ. ಆಗ ನಡೆದ ಕೆಲವನ್ನು ಹೇಳುತ್ತೇನೆ.

ಹದಿನೈದು ರೂಪಾಯಿ

ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಂದು, ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆ ಇಂಗ್ಲಿಷ್ ಕಾಮಿಕ್ಸುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಗಂಟೆ ಕೂತ. ಕೊನೆಗೆ ಒಂದನ್ನು ತಂದು ಮೇಜಿನ ಮೇಲಿಟ್ಟ.

"ಇದು ಮಾರ್ತೀರಾ ಅಂಕಲ್?"

"ಇಪ್ಪತ್ತು ರೂಪಾಯಿ ಕೊಡಪ್ಪ."

"ಹದಿನೈದು ಮಾಡ್ಕೊಳಿ ಅಂಕಲ್. ಸ್ಟೂಡೆಂಟು."

ಮೂರು ಜೇಬಿನಿಂದ ಚಿಲ್ಲರೆ ತೆಗೆದು ಹದಿನೈದು ಎಣಿಸಿದ. ಬಸ್ಸಿಗೆ ದುಡ್ಡಿದೆಯೋ ಇಲ್ಲವೋ ಎಂದು ನನಗೆ ಕರುಳು ಚುರ್ ಎಂದಿತು. ಮೇಲೆ ಒಂದು ಹಳೆ ಪತ್ರಿಕೆಯನ್ನೂ ಪುಕ್ಕಟೆ ಕೊಟ್ಟೆ.

ಮುಂದಿನ ತಿಂಗಳು ಅದೇ ಹುಡುಗ ಅರ್ಧ ಕೆ.ಜಿ. ಮೈಸೂರ್ ಪಾಕ್ ಹಿಡಿದುಕೊಂಡು ಬಂದ.

"ಏನಪ್ಪಾ, ಪಾಸಾದ್ಯಾ?"

"ಇಲ್ಲ ಅಂಕಲ್. ಅವತ್ತಿನ ಬುಕ್ಕು ಆರು ಸಾವಿರಕ್ಕೆ ಹೋಯ್ತು."

ಆಮೇಲೆ ಅವನೇ ಸ್ಟೂಲ್ ಎಳೆದುಕೊಂಡು ಪಾಠ ಹೇಳಿದ. ಈಗ ಅಮೆರಿಕದವರು ಕಾಮಿಕ್ಸಿನ ಹೀರೋಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಪಿಕ್ಚರಿಗೆ ಎಳೆಯುತ್ತಿದ್ದಾರೆ. ಯಾರನ್ನು ಎಳೆಯುತ್ತಾರೆ ಎಂದು ಸುದ್ದಿ ಬಂದರೆ ಸಾಕು, ಆ ಹೀರೋ ಮೊಟ್ಟಮೊದಲು ಬಂದ ಸಂಚಿಕೆಯ ಬೆಲೆ ಏರುತ್ತದೆ. ಸುದ್ದಿಗೆ ಮುಂಚೆ ಕೊಳ್ಳಬೇಕು, ಪಿಕ್ಚರ್ ಬಿಡುಗಡೆಗೆ ಮುಂಚೆ ಮಾರಬೇಕು. ಅಷ್ಟೇ.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. "ಆರು ಸಾವಿರ ಬರೋದು ಗೊತ್ತಿದ್ದೂ ನನ್ನ ಹತ್ರ ಐದು ರೂಪಾಯಿಗೆ ಚೌಕಾಸಿ ಮಾಡಿದ್ಯಲ್ಲೋ?"

ಅವನು ಬಹಳ ಗಂಭೀರವಾಗಿ ಹೇಳಿದ: "ಇನ್ವೆಸ್ಟ್‌ಮೆಂಟಲ್ವಾ ಅಂಕಲ್, ಕಮ್ಮಿಗೇ ತಗೋಬೇಕು."

ಮೈಸೂರ್ ಪಾಕ್ ಚೆನ್ನಾಗಿತ್ತು. ಅದಕ್ಕೆ ಅವನು ಪುಸ್ತಕಕ್ಕಿಂತ ಹತ್ತು ಪಾಲು ದುಡ್ಡು ಕೊಟ್ಟಿದ್ದ. ಅಲ್ಲಿ ಚೌಕಾಸಿ ಮಾಡಿದ ಹಾಗೆ ಕಾಣಲಿಲ್ಲ.

ತಂದೆಯವರ ಮೊಹರು

ಅವತ್ತು ಅಂಗಡಿ ಬೇಗ ಮುಚ್ಚಿ ಮನೆಯ ಅಟ್ಟ ಹತ್ತಿದೆ. ತಂದೆ ಕೊಂಡಿಟ್ಟ ಕಾಮಿಕ್ಸು ಮೂರು ಟ್ರಂಕು ಇದ್ದವು. ಮಾರನೇ ದಿನ ಹುಡುಗನನ್ನು ಕರೆಸಿ ಮುಂದಿಟ್ಟೆ. ಎರಡು ಟ್ರಂಕಿನಲ್ಲಿ ಏನೂ ಇರಲಿಲ್ಲ. ಮೂರನೆಯದರ ತಳದಲ್ಲಿ ಒಂದನ್ನು ನೋಡಿದವನೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅಂಕಲ್, ಇದೇನು ಗೊತ್ತಾ? ಈಗ ಪಿಕ್ಚರ್ ಆಗ್ತಿರೋ ಹೀರೋದು ಮೊದಲನೇ ಸಂಚಿಕೆ ಇದು. ಚೆನ್ನಾಗಿದ್ರೆ ಒಂದು ಲಕ್ಷ."

ನನ್ನ ಹೆಂಡತಿ ಕಾಫಿ ತಂದವಳು ಅಲ್ಲೇ ನಿಂತಳು. ಹುಡುಗ ರಟ್ಟನ್ನು ಎರಡೇ ಬೆರಳಲ್ಲಿ ಎತ್ತಿದ. ಒಳಗೆ ಮೊದಲ ಪುಟದ ತುಂಬ ಹೀರೋನ ಮುಖ. ಆ ಮುಖದ ಮೇಲೆ ನೇರಳೆ ಮಸಿಯಲ್ಲಿ ನಮ್ಮ ತಂದೆಯ ರಬ್ಬರ್ ಸ್ಟ್ಯಾಂಪು: 'ಪುಸ್ತಕ ಹರಿದಲ್ಲಿ ಪೂರ್ತಿ ಬೆಲೆ ವಸೂಲು ಮಾಡಲಾಗುವುದು.'

ತಂದೆ ಶಿಸ್ತಿನ ಮನುಷ್ಯ. ಹನ್ನೊಂದನೇ ಪುಟದಲ್ಲೂ ಒತ್ತಿದ್ದರು. ಇಪ್ಪತ್ತೊಂದರಲ್ಲೂ ಒತ್ತಿದ್ದರು. ಯಾವ ಪುಟದಲ್ಲೂ ಖಾಲಿ ಜಾಗದಲ್ಲಿ ಒತ್ತಿರಲಿಲ್ಲ, ಯಾರೂ ನೋಡಲಿಲ್ಲ ಎನ್ನಬಾರದು ಎಂದು ಮುಖ ಹುಡುಕಿಯೇ ಒತ್ತಿದ್ದರು.

ಹುಡುಗ ಪುಸ್ತಕ ಮುಚ್ಚಿದ. ಆಮೇಲೆ ಹೇಳಿದ: "ಅಂಕಲ್, ಇಷ್ಟು ವರ್ಷದಲ್ಲಿ ಇವನ ಮುಖಕ್ಕೆ ಒಬ್ಬ ವಿಲನ್ನೂ ಹೊಡೆಯಕ್ಕಾಗಿಲ್ಲ. ನಿಮ್ಮ ತಂದೆಯೋರು ಮೂರು ಸಲ ಹೊಡೆದಿದಾರೆ."

ರದ್ದಿ ಅಂಗಡಿಯ ದರಪಟ್ಟಿ

ಈ ಲಕ್ಷದ ಸುದ್ದಿ ನಮ್ಮ ಹಿಂದಿನ ಬೀದಿಯ ಇನ್ಶೂರೆನ್ಸ್ ಏಜೆಂಟರಿಗೆ ಮುಟ್ಟಿತು. ದಿನವೂ ಬೆಳಿಗ್ಗೆ ನಮ್ಮಲ್ಲಿ ಪೇಪರ್ ಓದಿ, ಒಂದು ಪತ್ತೇದಾರಿ ಕಾದಂಬರಿ ಒಯ್ಯುವ ಮನುಷ್ಯ. ಯಾರ ಮುಖ ನೋಡಿದರೂ ಇವರು ಇನ್ನೆಷ್ಟು ವರ್ಷ ಎಂದು ಮನಸ್ಸಿನಲ್ಲೇ ಅಂದಾಜು ಹಾಕುವ ಅಭ್ಯಾಸ.

"ರೀ, ನಾವಿಬ್ರೂ ಸೇರಿ ಮಾಡೋಣ ಕಣ್ರೀ," ಎಂದರು. "ಹುಡುಗ ಹೇಳಲಿ, ನಾವು ಹುಡುಕೋಣ."

ಮೊದಲು ಹೋದದ್ದು ನಮ್ಮದೇ ಮುಖ್ಯರಸ್ತೆಯ ರದ್ದಿ ಅಂಗಡಿಗೆ. ಭಾಯ್ ನಮಗೆ ಮೂವತ್ತು ವರ್ಷದ ಪರಿಚಯ. ಹಳೆ ಕಾಮಿಕ್ಸು ಎಂದರೆ ಮೂಲೆ ತೋರಿಸಿ, "ನಲವತ್ತು ರೂಪಾಯಿ ಕೆ.ಜಿ., ಆರಿಸ್ಕೊಳಿ" ಎಂದರು. ಆ ಮೂಲೆಯಲ್ಲಿ ನಮಗೆ, ಹುಡುಗ ಹೇಳಿದ್ದ ಗಾಜಿನ ಕೈಯ ಹೀರೋಯಿನ್ ಒಬ್ಬಳ ಮೊದಲ ಸಂಚಿಕೆ ಸಿಕ್ಕಿತು. ಕೂಡಲೇ ತಕ್ಕಡಿಗೆ ಹಾಕಿಸದೆ ಏಜೆಂಟರು ಆಕೆಯನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ನೋಡಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಬೆವರು ಒರೆಸಿಕೊಂಡರು. ಭಾಯ್ ಅದನ್ನೆಲ್ಲ ನೋಡುತ್ತಿದ್ದರು.

ಮುಂದಿನ ವಾರ ಹೋದಾಗ ಕಾಮಿಕ್ಸೆಲ್ಲ ಎರಡು ರಾಶಿಯಾಗಿತ್ತು.

"ಇದೇನ್ ಭಾಯ್?"

"ರೇಟ್ ಬೇರೆ ಆಗಿದೆ ಸಾರ್. ಇದು ಇನ್ನೂರು, ಇದು ನಲವತ್ತು."

ಭಾಯ್‌ಗೆ ಇಂಗ್ಲಿಷ್ ಬಾರದು. ಯಾವ ಹೀರೋಗೆ ಬೆಲೆ, ಯಾರಿಗೆ ಇಲ್ಲ ಎಂದು ಹೇಗೆ ಕಂಡುಹಿಡಿದರು? ಏಜೆಂಟರು ಕೇಳಿಯೇಬಿಟ್ಟರು.

ಭಾಯ್ ಒಂದೊಂದು ರಾಶಿಯ ಮೇಲೂ ಕೈಯಿಟ್ಟು ತೋರಿಸಿದರು: "ಚಡ್ಡಿ ಮೇಲ್ಗಡೆ ಹಾಕ್ಕೊಂಡಿರೋರು ಇನ್ನೂರು. ಒಳಗಡೆ ಹಾಕ್ಕೊಂಡಿರೋರು ನಲವತ್ತು."

ಯಾವ ಸ್ಕೂಲು

ಗಾಜಿನ ಕೈಯವಳ ಪಿಕ್ಚರ್ ಬರುತ್ತದೆ ಎಂದು ಆರು ತಿಂಗಳಲ್ಲಿ ಸುದ್ದಿಯಾಯಿತು. ಹುಡುಗ ಅವಳನ್ನು ಕಂಪ್ಯೂಟರಿನಲ್ಲಿ ಮಾರಾಟಕ್ಕೆ ಹಾಕಿದ. ಹೊರದೇಶದ ಒಬ್ಬರು ಹದಿನೆಂಟು ಸಾವಿರಕ್ಕೆ ಒಪ್ಪಿ ದುಡ್ಡನ್ನೂ ಕಳಿಸಿಬಿಟ್ಟರು. ಏಜೆಂಟರ ಅಷ್ಟೂ ವರ್ಷದ ಅನುಭವದಲ್ಲಿ ಯಾರೂ ಸಾಯದೆ ದುಡ್ಡು ಬಂದದ್ದು ಅದೇ ಮೊದಲಂತೆ.

ಗಂಗಾನಗರದ ಕಡೆ ಒಂದು ಕೊರಿಯರ್ ಆಫೀಸಿಗೆ ಹೋದೆವು. ಎರಡು ರಟ್ಟಿನ ನಡುವೆ ಪುಸ್ತಕ, ಅದರ ಮೇಲೆ ಪ್ಲಾಸ್ಟಿಕ್, ಮೇಲೆ ಥರ್ಮೋಕೋಲ್, ಅದರ ಮೇಲೆ ಏಜೆಂಟರ ಮದುವೆ ಕಾಲದ ಬೆಡ್‌ಶೀಟು. ಕೌಂಟರಿನ ಹೆಣ್ಣುಮಗಳು ಫಾರಂ ತುಂಬಲು ಕೂತಳು.

"ಒಳಗೇನಿದೆ ಸಾರ್?"

"ಪುಸ್ತಕಮ್ಮ. ಮಕ್ಕಳ ಪುಸ್ತಕ."

"ಎಷ್ಟು?"

"ಒಂದೇ."

"ಬೆಲೆ?"

ಏಜೆಂಟರು ಎದೆ ಸ್ವಲ್ಪ ಮುಂದೆ ಮಾಡಿ, "ಹದಿನೆಂಟು ಸಾವಿರ," ಎಂದರು.

ಅವಳ ಪೆನ್ನು ನಿಂತಿತು. "ಒಂದಕ್ಕೇನಾ?"

"ಒಂದಕ್ಕೇ."

"ಎಷ್ಟು ಪುಟ ಸಾರ್?"

"ಮೂವತ್ತೆರಡು."

ಅವಳು ಆ ಕಡೆ ಈ ಕಡೆ ನೋಡಿ, ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ ಕೇಳಿದಳು: "ಯಾವ ಸ್ಕೂಲ್ ಸಾರ್? ಈ ವರ್ಷ ನಮ್ಮ ಪಾಪೂನ ಸೇರಿಸ್ಬೇಕು. ಆ ಕಡೆ ಹೋಗೋದೇ ಬೇಡ."

ಮೂಲಪತ್ರ

ಇಷ್ಟರಲ್ಲಿ ನಮ್ಮ ಕಟ್ಟಡದ ಓನರು ಬಂದರು. ಬ್ಯಾಟರಾಯನಪುರದ ಹಳೇ ಮನೆತನ. ಅಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ಬಿಳಿ ಪಂಚೆ, ಬಿಳಿ ಶರ್ಟು, ಜೇಬಿನಲ್ಲಿ ಯಾವಾಗಲೂ ಯಾವುದೋ ಜಮೀನಿನ ಜೆರಾಕ್ಸು.

"ಸಾಮಿ, ಒಂದ್ ಮಾತು," ಎಂದು ಕೂತರು. "ಮೊಬೈಲ್ ಕವರ್ ಮಾರೋನೊಬ್ಬ ಬಂದವ್ನೆ. ನೀವು ಕೊಡೋದರ ಮೂರರಷ್ಟು ಬಾಡಿಗೆ ಕೊಡ್ತೀನಿ ಅಂತಾನೆ. ನಮ್ ತಂದೆ ನಿಮ್ ತಂದೆಗೆ ಕೊಟ್ಟ ಅಂಗಡಿ, ನಂಗೂ ಮನ್ಸಿಲ್ಲ. ಆದ್ರೂ ಏನ್ ಮಾಡಾನ ಯೋಳಿ."

ನಾನೋ ನಲವತ್ತು ದಾಟಿದವನು, ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಓನರ ಕಣ್ಣು ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿದ್ದ ಇನ್ನೊಂದು ಕಾಮಿಕ್ಸಿನ ಮೇಲೆ ಬಿತ್ತು. "ಇದ್ಯಾಕೆ ಇಂಗೆ ಹೆಣದಂಗೆ ಸುತ್ತಿಟ್ಟಿದೀರಿ?"

ಏಜೆಂಟರು ಹೇಳಿದರು. ಪಿಕ್ಚರ್ ಬರುವ ಮುಂಚೆ ತಗೊಂಡು, ಬರುವಾಗ ಮಾರುವುದು ಎಂದು ವಿವರಿಸಿದರು. ನನಗೆ ಅರ್ಥವಾಗಲು ಒಂದು ಗಂಟೆ ಹಿಡಿದದ್ದು ಓನರಿಗೆ ಒಂದು ನಿಮಿಷದಲ್ಲಿ ಹೊಳೆಯಿತು.

"ಓಹೋ. ನಾಗಸಂದ್ರಕ್ಕೆ ಮೆಟ್ರೋ ಬತ್ತದೆ ಅಂತ ಸೈಟ್ ತಗೊಂಡಂಗೆ."

"ಹಾಂ, ಹಂಗೇ."

"ಈ ಪಿಚ್ಚರ್ ಎಲ್ಲೀಗಂಟ ಬಂದೈತೆ?"

"ಪಿಲ್ಲರ್ ಹಾಕ್ತಾ ಇದಾರೆ," ಎಂದರು ಏಜೆಂಟರು.

ಓನರು ಪುಸ್ತಕ ಎತ್ತಿ ತೂಗಿ ನೋಡಿದರು. ಇದರ ಮೂಲಪತ್ರ ಎಲ್ಲಿದೆ, ಮೊದಲು ಯಾರ ಹೆಸರಲ್ಲಿತ್ತು, ಅಣ್ಣತಮ್ಮಂದಿರ ತಕರಾರು ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲ ಎಂದೆವು. ಜೇಬಿನಿಂದ ಒಂಬತ್ತು ಸಾವಿರ ತೆಗೆದು ಅಲ್ಲೇ ಕೊಂಡರು. ಮೊಬೈಲ್ ಕವರಿನವನ ಮಾತು ಅವತ್ತಿಗೆ ಅಷ್ಟಕ್ಕೇ ನಿಂತಿತು.

ಎಂಟು ದಿನ ಕಳೆದು ಒಂದು ಚೀಲ ಹಿಡಿದು ಬಂದರು. ಹುಡುಗನೂ ಇದ್ದ. "ನೋಡಪ್ಪ, ನಿನ್ ಪುಸ್ತಕಾನ ಎಂಗೆ ಇಟ್ಟಿವ್ನಿ," ಎಂದು ತೆಗೆದರು. ಪಿನ್ನು ಕಿತ್ತು, ಹಾಳೆ ಹಾಳೆ ಕತ್ತರಿಸಿ, ಒಂದೊಂದನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿಸಿದ್ದರು. ಮೂಲೆಯಲ್ಲಿ ತೂತು ಹೊಡೆದು, ಕೋರ್ಟಿನ ಫೈಲಿನ ಹಾಗೆ ಕೆಂಪು ಟ್ಯಾಗು ಕಟ್ಟಿಸಿದ್ದರು.

"ಕ್ರಯಪತ್ರಕ್ಕೂ ಇಂಗೇ ಮಾಡ್ಸೋದು ನಾವು. ನೀರ್ನಾಗೆ ಆಕಿದ್ರೂ ಏನೂ ಆಗಾಕಿಲ್ಲ."

ಹೇಳಿದ್ದಷ್ಟೇ ಅಲ್ಲ, ಬೇಕರಿಯ ಬಕೆಟ್ಟಿನಲ್ಲಿ ಅದ್ದಿ, ಒದರಿ ತೋರಿಸಿದರು. ನಿಜಕ್ಕೂ ಏನೂ ಆಗಿರಲಿಲ್ಲ.

ಹುಡುಗ ಸ್ಟೂಲಿನ ಮೇಲೆ ಕೂತ. ಬಾಯಿ ತೆರೆದ, ಮುಚ್ಚಿದ. ಕಣ್ಣಲ್ಲಿ ನೀರಾಡಿತು. ಒಂಬತ್ತು ಸಾವಿರದ್ದು ಈಗ ಟೇಬಲ್ ಮೇಲೆ ಬಿಸಿ ಪಾತ್ರೆ ಇಡಲು ಮಾತ್ರ ಬರುತ್ತದೆ ಎಂದು ಯಾರು ಹೇಳಬೇಕು?

ಓನರು ಅವನ ಬೆನ್ನು ತಟ್ಟಿ ನಮ್ಮ ಕಡೆ ತಿರುಗಿದರು. "ನೋಡಿದ್ರಾ? ಖುಸಿಗೆ ಹುಡುಗನ್ಗೆ ಮಾತೇ ಬರ್ತಿಲ್ಲ."

ಹನ್ನೆರಡು ಪುಸ್ತಕ

ಆಮೇಲೆ ಮುಂಗುಸಿ ಬಂದ. ಅವನಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಮುಂಗುಸಿಯ ಮುಖವಾಡ ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಹಾರುವುದು ಕಸುಬು. ನಾವು ಮುಂಗುಸಿ ಎಂದೇ ಕರೆದೆವು. ಅವನು ಒಂದು ಭಾರೀ ಪಿಕ್ಚರಿನಲ್ಲಿ ಬರುತ್ತಾನೆ ಎಂದು ಹುಡುಗ ಹೊಸ ಕೆಲಸದ ಆಫೀಸಿನಿಂದಲೇ ಫೋನ್ ಮಾಡಿದ. ಈ ಸಲ ಒಂದೆರಡು ಸಾಲದು, ಮುಂಗುಸಿಯ ಮೊದಲ ಸಂಚಿಕೆ ಎಷ್ಟು ಪ್ರತಿ ಸಿಕ್ಕುತ್ತದೋ ಅಷ್ಟೂ ತಗೊಳ್ಳಿ ಎಂದ. ಹೊಸ ಸ್ಕೂಟರಿಗೆಂದು ಎತ್ತಿಟ್ಟ ದುಡ್ಡನ್ನು ನಾನು ಹಾಕಿದೆ.   ಏಜೆಂಟರು ಹನ್ನೆರಡು ಪ್ರತಿ ಕೊಂಡರು. ಓನರು ಇಪ್ಪತ್ತು ಕೊಂಡರು, ಲ್ಯಾಮಿನೇಷನ್ ಮಾಡಿಸುವುದಿಲ್ಲ ಎಂದು ಹುಡುಗನ ಮುಂದೆ ಆಣೆ ಮಾಡಿ.

ಏಜೆಂಟರು ತಮ್ಮ ಹನ್ನೆರಡನ್ನೂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟರು. ಮನೆಯವರಿಗೆ ಹೇಳಲಿಲ್ಲ.

ಅದು ಅವರೆಕಾಯಿ ಕಾಲ. ಒಂದು ಭಾನುವಾರ ಏಜೆಂಟರು ಯಾವುದೋ ಪಾಲಿಸಿ ಹಿಡಿಯಲು ಯಶವಂತಪುರಕ್ಕೆ ಹೋಗಿದ್ದರು. ಅವರ ಮನೆಯವರು ನಾದಿನಿಯ ಮಗನ ಮದುವೆಗೆ ಸೀರೆ ತೆಗೆಯಲು ಬೀರು ಬಾಗಿಲು ತೆಗೆದರು. ಸೀರೆ ಕೆಳಗೆ ಪುಸ್ತಕದ ಕಟ್ಟು. ಆಕೆಗೂ ಓದುವ ಗೀಳು, ಇಂಗ್ಲಿಷೂ ಬರುತ್ತಿತ್ತು. ಅವರೆಕಾಯಿ ಮೊರವನ್ನು ಮುಂದಿಟ್ಟುಕೊಂಡು, ಕಾಯಿ ಸುಲಿಯುತ್ತಾ, ಒಂದೊಂದೇ ಕವರು ಹರಿದು, ಪೂರ್ತಿ ಓದಿ ಮುಗಿಸಿದರು.

ಏಜೆಂಟರು ಮನೆಗೆ ಬಂದು ನೋಡಿದರೆ ನೆಲದ ಮೇಲೆ ಒಂದು ಕಡೆ ಅವರೆ ಸಿಪ್ಪೆ, ಇನ್ನೊಂದು ಕಡೆ ಹನ್ನೆರಡು ಪ್ಲಾಸ್ಟಿಕ್ ಕವರು. ಪುಸ್ತಕಗಳಿಂದ ಸೊಗಡಿನ ವಾಸನೆ ಘಮ್ಮೆನ್ನುತ್ತಿತ್ತು.

"ಏನೇ ಮಾಡಿದೆ!"

"ಓದ್ದೆ. ಪುಸ್ತಕ ಇರೋದು ಓದಕ್ಕಲ್ವಾ?"

"ಒಂದು ಓದೋದು ಸರಿ ಕಣೇ. ಹನ್ನೆರಡೂ ಯಾಕೆ ಬಿಚ್ಚಿದೆ?"

ಆಕೆ ನಿಜವಾದ ಬೇಸರದಿಂದ ಹೇಳಿದರಂತೆ: "ಹನ್ನೆರಡು ಭಾಗ ಇದೆ ಅಂದ್ಕೊಂಡೆ ಕಣ್ರೀ. ಎರಡನೇದ್ರಲ್ಲೂ ಅದೇ ಕಥೆ. ಮೂರನೇದ್ರಲ್ಲೂ ಅದೇ ಕಥೆ. ಕೊನೇದ್ರಲ್ಲಾದ್ರೂ ಏನಾದ್ರೂ ಬದಲಾಗತ್ತೆ ಅಂತ ಹನ್ನೆರಡನೇದರ ತನಕ ಕಾದೆ. ಬರೆದೋನಿಗೆ ನಾಚಿಕೆ ಆಗಲ್ವಾ?"

ಮೊದಲ ದಿನದ ಆಟ

ಪಿಕ್ಚರ್ ಬಿಡುಗಡೆಗೆ ಮುಂಚೆ ಮಾರಬೇಕು ಎಂದು ಹುಡುಗ ಬಾಯಿ ಬಾಯಿ ಬಡಿದುಕೊಂಡ. ಬಿಡುಗಡೆಗೆ ಒಂದು ವಾರ ಇರುವಾಗ ಒಂದು ಪ್ರತಿ ಒಂಬತ್ತು ಸಾವಿರ ಮುಟ್ಟಿತ್ತು; ಏಜೆಂಟರ ಸೊಗಡು ಹತ್ತಿದ ಪ್ರತಿಗೂ ಅರ್ಧ ಸಿಗುತ್ತಿತ್ತು. ನಾನು ಏಜೆಂಟರ ಮುಖ ನೋಡಿದೆ. ಏಜೆಂಟರು ಓನರ ಮುಖ ನೋಡಿದರು.

"ಮೆಟ್ರೋ ಓಡಕ್ಕೆ ಮುಂಚೆ ಮಾರ್ದೋನು ಮೂರ್ಖ," ಎಂದರು ಓನರು. "ಓಡ್ಲಿ. ಆಮ್ಯಾಕೆ ನೋಡಿ ರೇಟು."

ಹಾಗಾಗಿ ಯಾರೂ ಮಾರಲಿಲ್ಲ. ಶುಕ್ರವಾರ ಬೆಳಿಗ್ಗೆ ಹನ್ನೊಂದರ ಆಟಕ್ಕೆ ನಾವು ನಾಲ್ವರೂ ಯಶವಂತಪುರದ ಕಡೆಯ ಒಂದು ಮಾಲ್‌ಗೆ ಹೋದೆವು. ಹುಡುಗ ರಜೆ ಹಾಕಿದ್ದ. ಓನರು ದಾರಿಯಲ್ಲಿ ಗಣೇಶನ ಗುಡಿಯಲ್ಲಿ ಕಾಯಿ ಒಡೆಸಿದ್ದರು. ಸುತ್ತ ಎಲ್ಲ ಕಾಲೇಜು ಮಕ್ಕಳು; ನಡುವೆ ಹಣೆಗೆ ಕುಂಕುಮ ಇಟ್ಟುಕೊಂಡ ಮೂವರು ನಡುವಯಸ್ಸಿನವರು, ಮದುವೆ ಮಾತುಕತೆಗೆ ಬಂದವರ ಹಾಗೆ ಸಾಲಾಗಿ ಕೂತೆವು.

ಪಿಕ್ಚರ್ ಶುರುವಾಯಿತು. ಎಂಟು ಹತ್ತು ಹೀರೋಗಳಿದ್ದರು. ಹತ್ತು ನಿಮಿಷ ಕಳೆಯಿತು. ಒಂದು ಎತ್ತರದ ಕಟ್ಟಡದ ಅಂಚಿನಲ್ಲಿ ಮುಂಗುಸಿ ಬಂದು ನಿಂತ.

ಓನರು ಎದ್ದು ನಿಂತು ಶಿಳ್ಳೆ ಹೊಡೆದರು. "ನಮ್ಮೋನು! ನಮ್ಮೋನು!" ಮುಂದಿನ ಸಾಲು ಪೂರ್ತಿ ತಿರುಗಿ ನೋಡಿತು. ಏಜೆಂಟರು ನನ್ನ ಕೈ ಹಿಡಿದುಕೊಂಡರು.

ಮುಂಗುಸಿ ಹಾರಿದ. ವಿಲನ್ನು ಬೇರೆ ಯಾರ ಜೊತೆಯೋ ಮಾತಾಡುತ್ತಿದ್ದವನು, ತಿರುಗಿಯೂ ನೋಡದೆ, ಸೊಳ್ಳೆ ಓಡಿಸುವ ಹಾಗೆ ಕೈ ಬೀಸಿದ. ಮುಂಗುಸಿ ಹೋಗಿ ಗೋಡೆಗೆ ಬಿದ್ದ, ಗೋಡೆಯಿಂದ ಕೆಳಗೆ ಬಿದ್ದ. ಅಷ್ಟೇ. ಬಂದದ್ದು ಹೋದದ್ದು ಸೇರಿ ಒಂದೂವರೆ ನಿಮಿಷ. ಓನರು ಹೇಳಿದ್ದ ಪಾಪ್‌ಕಾರ್ನ್ ಇನ್ನೂ ಬಂದಿರಲಿಲ್ಲ.

"ಏನಾಯ್ತು?" ಎಂದರು ಓನರು, ನಿಂತೇ.

"ಸತ್ತ," ಎಂದೆ.

"ಯಾರು?"

"ನಮ್ಮವನು."

"ತಮಾಸೆ ಮಾಡ್‌ಬ್ಯಾಡಿ ಸಾಮಿ."

ಏಜೆಂಟರು ಕತ್ತಲಲ್ಲಿ ನಿಟ್ಟುಸಿರು ಬಿಟ್ಟರು. "ಕೆಲಸ ನೋಡಿದಾಗ್ಲೇ ಅಂದ್ಕೊಂಡೆ. ನಾನಾಗಿದ್ರೆ ಇವನಿಗೆ ಪಾಲಿಸಿ ಕೊಡ್ತಾನೇ ಇರ್ಲಿಲ್ಲ."

ಇಂಟರ್ವಲ್ ಹೊತ್ತಿಗೆ ಹುಡುಗ ಮೊಬೈಲ್ ನೋಡಿ ಸುಮ್ಮನೆ ನನ್ನ ಮುಂದೆ ಹಿಡಿದ. ಒಂಬತ್ತು ಸಾವಿರದ್ದು ಆರುನೂರಕ್ಕೆ ಬಂದಿತ್ತು. ನಾನು ಕಾಫಿ ಕಪ್ಪು ಹಿಡಿದುಕೊಂಡು ನಿಂತೆ. ಸ್ಕೂಟರ್ ಹೋದದ್ದು ಹೋಯಿತು. ನನಗೆ ಹೆದರಿಕೆ ಇದ್ದದ್ದು ಅಂಗಡಿಯದು. ಓನರು ಈ ಸಿಟ್ಟಿನಲ್ಲಿ ಏನು ಹೇಳುತ್ತಾರೋ ಎಂದು ಅವರ ಕಡೆ ನೋಡದೆ ಕಾಫಿಯ ನೊರೆ ನೋಡುತ್ತಿದ್ದೆ. ಆಮೇಲೆ ತಡೆಯದೆ ನಾನೇ ಕೇಳಿದೆ: "ಮೊಬೈಲ್ ಕವರಿನವರಿಗೆ ಏನ್ ಹೇಳ್ತೀರಿ?"

"ಅವ್ನಿಗಾ? ನಿನ್ನೇನೇ ಬ್ಯಾಡ ಅಂದ್‌ಬಿಟ್ಟೆ."

"ಯಾಕೆ?"

"ಇಪ್ಪತ್ ಪುಸ್ತಕ ಅಲ್ವಾ ಸಾಮಿ? ಮನೇನಾಗೆ ಇಡಕ್ಕೆ ನಮ್ಮೆಂಗಸ್ರು ಬಿಡಾಕಿಲ್ಲ. ನಿಮ್ ಅಂಗಡೀಲೇ ಇರ್ಬೇಕು. ರೇಟ್ ಬಂದ್ರೆ ಮಾರಾನ. ಬರ್ದಿದ್ರೆ ಇಡಾನ. ನಮ್ ತಂದೆ ಜಮೀನು ಉಳಿಸ್ಕಂಡಿದ್ದೂ ಇಂಗೇಯ." ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು: "ಅಲ್ದೆ ಟೈಲರ್ ತಾವ ಅಂಥ ಮುಖವಾಡ ಒಲಿಸಿರೋರು ಒಂದ್ ನಿಮ್ಸದಾಗೆ ಸಾಯ್ಸಾಕೆ ಒಲಿಸ್ತಾರಾ? ಇಂಟ್ರವಲ್ ಆದ್ಮ್ಯಾಕೆ ಏಳ್ತಾನೆ, ನೋಡ್ತಿರಿ."

ಕಾಫಿ ಆಮೇಲೆ ಚೆನ್ನಾಗಿಯೇ ಇದೆ ಅನ್ನಿಸಿತು.

ಇಂಟರ್ವಲ್ ಆದ ಮೇಲೆ ಮುಂಗುಸಿ ಏಳಲಿಲ್ಲ. ಕ್ಲೈಮ್ಯಾಕ್ಸಿನಲ್ಲೂ ಏಳಲಿಲ್ಲ. ಹೆಸರುಗಳು ಬರಲು ಶುರುವಾಗಿ ಜನ ಎದ್ದರು. ಹುಡುಗ ಬಾಯಿ ತಪ್ಪಿ, ಇಂಥ ಪಿಕ್ಚರಿನಲ್ಲಿ ಹೆಸರೆಲ್ಲ ಮುಗಿದ ಮೇಲೂ ಒಂದು ಸೀನ್ ಇರುತ್ತದೆ ಎಂದುಬಿಟ್ಟ. ಓನರು ಗಟ್ಟಿಯಾಗಿ ಕೂತರು. ಅವರು ಕೂತರೆಂದು ನಾವೂ ಕೂತೆವು. ಸಾವಿರಾರು ಹೆಸರು ಮೇಲೆ ಹೋದವು. ಹಾಲ್ ಖಾಲಿಯಾಯಿತು. ಪರದೆ ಬೆಳ್ಳಗಾಯಿತು.

ಕಸಗುಡಿಸುವ ಹೆಂಗಸು ಪೊರಕೆ ಹಿಡಿದು ಬಂದಳು. "ಮುಗೀತು ಸಾರ್, ಎದ್ದೇಳಿ. ಮುಂದಿನ್ ಶೋಗೆ ಗುಡಿಸ್ಬೇಕು."

"ಒಂದ್ ನಿಮ್ಸ ತಡಿಯವ್ವ," ಎಂದರು ಓನರು. "ನಮ್ಮೋನು ಇನ್ನೂ ಎದ್ದಿಲ್ಲ."

ಆಕೆ ಪೊರಕೆ ಕೆಳಗಿಟ್ಟು, ಸೊಂಟದಿಂದ ಟಾರ್ಚು ತೆಗೆದು, ಸೀಟುಗಳ ನಡುವೆ ಬಗ್ಗಿ ನೋಡತೊಡಗಿದಳು. "ಯಾವ್ ಸಾಲು ಸಾರ್? ಕುಡ್ದವ್ರಾ?"

ಏಜೆಂಟರು ತಮ್ಮ ಕಸುಬಿನ ದನಿಯಲ್ಲಿ, ಮೆಲ್ಲಗೆ ಹೇಳಿದರು: "ಇಲ್ಲಮ್ಮ. ತೀರ್ಕೊಂಡ."

ಟಾರ್ಚು ಅಲ್ಲೇ ಬಿತ್ತು. "ಸಾರ್! ಸಾರ್!" ಎಂದು ಕೂಗುತ್ತಾ ಆಕೆ ಬಾಗಿಲಿಗೆ ಓಡಿದಳು. ನಾವು ಏನಾಯಿತೆಂದು ತಿಳಿದು ಎದ್ದು ನಿಲ್ಲುವಷ್ಟರಲ್ಲಿ ಇಬ್ಬರು ಸೆಕ್ಯುರಿಟಿಯವರು, ಒಂದು ಗಾಲಿಕುರ್ಚಿ, ಅದರ ಹಿಂದೆ ಟೈ ಕಟ್ಟಿದ ಮ್ಯಾನೇಜರು ಒಳಗೆ ಬಂದರು. ಮ್ಯಾನೇಜರ ಮುಖ ಬೆವೆತಿತ್ತು.

"ಎಷ್ಟೊತ್ತಾಯ್ತು ಸಾರ್?"

"ಹನ್ನೊಂದೂಕಾಲಿಗೇ ಹೋದ," ಎಂದರು ಏಜೆಂಟರು.

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಎರಡು ಗಂಟೆ ಆಗುತ್ತಾ ಬಂದಿತ್ತು. "ಇಷ್ಟು ಹೊತ್ತು ಯಾರಿಗೂ ಹೇಳ್ದೇ ಪಿಕ್ಚರ್ ನೋಡ್ತಾ ಕೂತಿದ್ರಾ?"

"ಇಂಟ್ರವಲ್ ಆದ್ಮ್ಯಾಕೆ ಏಳ್ತಾನೆ ಅಂತ ಕೂತಿದ್ವಿ," ಎಂದರು ಓನರು.

ಹುಡುಗ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದ. ಮ್ಯಾನೇಜರು ಅವನು ಅಳುತ್ತಿದ್ದಾನೆಂದು ತಿಳಿದು, ಹೆಗಲ ಮೇಲೆ ಕೈಯಿಟ್ಟು, ನಮ್ಮ ಓನರನ್ನು ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ತೀರಿಕೊಂಡೋರು ನಿಮಗೆ ಏನಾಗ್ಬೇಕು?"

ಓನರು ಪಂಚೆ ಕೊಡವಿಕೊಂಡು ಎದ್ದರು.

"ನೆಂಟ ಗಿಂಟ ಏನಲ್ಲ ಸಾಮಿ. ದುಡ್ ಆಕಿದ್ವಿ, ಅಷ್ಟೇಯ."